ನಿನ್ನ ಪತ್ರದ ಮೂರನೇ ಪುಟ

ಪ್ರೀತಿಯ ತಂಗಿ,

ನೀನು ಕಳಿಸಿದ ಲೇಖನವನ್ನೂ ಅದರ ಜೊತೆಗಿದ್ದ ಪತ್ರವನ್ನೂ ಓದಿದೆ. ಲೇಖನವನ್ನು ಒಂದು ಸಲ, ಪತ್ರವನ್ನು ಮೂರು ಸಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

"ನನಗೆ ದೇವರು ಕೊಟ್ಟ ವರ ಯಾವುದು ಅಂತ ಹೇಗೆ ಗೊತ್ತಾಗುತ್ತೆ ಅಕ್ಕಾ, ಬರೆಯೋದೇ ನನ್ನ ವರ ಅಂದುಕೊಳ್ಳಬಹುದಾ" ಅಂತ ಕೇಳಿದ್ದೀಯ. ಆತ್ಮಿಕ ವರಗಳ ಬಗ್ಗೆ ಬರೆದ ಲೇಖನ ಹೇಗಿದೆ ಅಂತಲೂ ಕೇಳಿದ್ದೀಯ. ನನಗೆ ಇವು ಎರಡು ಬೇರೆ ಪ್ರಶ್ನೆ ಅನ್ನಿಸಲಿಲ್ಲ. ವರ ಅಂದರೆ ಏನು ಅಂತ ನೀನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀಯೋ ಅದೇ ಲೇಖನದಲ್ಲೂ ಇಳಿದಿದೆ. ಹಾಗಾಗಿ ಒಟ್ಟಿಗೇ ಉತ್ತರ ಬರೆಯುತ್ತೇನೆ.

ವರಗಳು ಒಟ್ಟು 9 ಅಂತ ಶುರು ಮಾಡಿದ್ದೀಯ. ಒಂದೊಂದಕ್ಕೂ ಒಂದು ಪ್ಯಾರಾ. ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದಲ್ಲಿ, 1 ಕೊರಿಂಥ 12ರಲ್ಲಿ, 8ರಿಂದ 10ನೇ ವಚನದವರೆಗೆ ಎಣಿಸಿದರೆ 9 ಸಿಗುತ್ತವೆ, ನಿಜ. ಆದರೆ ಅದೇ ಅಧ್ಯಾಯದಲ್ಲಿ 28ನೇ ವಚನದವರೆಗೆ ಓದು. ಅಲ್ಲಿ ಸಹಾಯ ಮಾಡುವವರು, ಆಡಳಿತ ನೋಡಿಕೊಳ್ಳುವವರು ಹೊಸದಾಗಿ ಬರುತ್ತಾರೆ. ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ 7 ಇವೆ. ಅದರಲ್ಲಿ ದಾನ ಕೊಡುವುದು ಇದೆ, ಕರುಣೆ ತೋರಿಸುವುದು ಇದೆ, ಅನ್ಯಭಾಷೆ (ಕಲಿಯದ ಭಾಷೆಯಲ್ಲಿ ಆತ್ಮದ ಪ್ರೇರಣೆಯಿಂದ ಮಾತಾಡುವುದು) ಇಲ್ಲ, ರೋಗ ವಾಸಿಮಾಡುವುದೂ ಇಲ್ಲ. ಎಫೆಸದವರ ಪತ್ರದ 4ನೇ ಅಧ್ಯಾಯಕ್ಕೆ ಬಂದರೆ ಅಪೊಸ್ತಲರು, ಪ್ರವಾದಿಗಳು, ಸುವಾರ್ತೆ ಸಾರುವವರು, ಸಭಾಪಾಲಕರು, ಉಪದೇಶಿಗಳು ಅಂತ ಕ್ರಿಸ್ತ ಮನುಷ್ಯರನ್ನೇ ವರ ಅಂತ ಕೊಟ್ಟುಬಿಟ್ಟಿದ್ದಾನೆ. ಪೇತ್ರ ಅಂತೂ ತನ್ನ ಪತ್ರದಲ್ಲಿ ಎರಡೇ ಮಾತಿನಲ್ಲಿ ಮುಗಿಸುತ್ತಾನೆ: ಮಾತಾಡುವವರು, ಸೇವೆ ಮಾಡುವವರು. ಇವರು ಯಾರೂ ಪಟ್ಟಿ ಪೂರ್ತಿ ಮಾಡಬೇಕು ಅಂತ ಕೂತವರಲ್ಲ. ಎದುರಿಗಿದ್ದ ಸಭೆಗೆ ಏನು ಬೇಕಿತ್ತೋ ಅದನ್ನು ಬರೆದರು. ನೀನು ಎಲ್ಲವನ್ನೂ ಕೂಡಿಸಿ ಒಂದು ಲೆಕ್ಕ ಹೇಳಿದರೆ ಓದುವವರು ಆ ಲೆಕ್ಕದಲ್ಲಿ ತಾವು ಎಲ್ಲಿದ್ದೇವೆ ಅಂತ ಹುಡುಕುತ್ತಾರೆ. ಸಿಗದಿದ್ದರೆ ಸುಮ್ನೆ ಪುಸ್ತಕ ಮುಚ್ಚುತ್ತಾರೆ. ಅಂಥವರೇ ಜಾಸ್ತಿ.

ಇನ್ನೊಂದು ವಿಷಯ. ಕನ್ನಡದಲ್ಲಿ ಬರೆಯುವ ನಾವು ಇದನ್ನು ಮರೆಯಬಾರದು. ವರ ಅನ್ನುವ ಪದ ನಮ್ಮ ಕಿವಿಗೆ ಹೊಸದಲ್ಲ. ಯಾರೋ ವರ್ಷಗಟ್ಟಲೆ ತಪಸ್ಸು ಮಾಡುತ್ತಾರೆ, ದೇವರು ಮೆಚ್ಚಿ ಪ್ರತ್ಯಕ್ಷವಾಗಿ ಏನು ಬೇಕು ಅಂತ ಕೇಳುತ್ತಾನೆ, ಪಡೆದವರು ಬಲಶಾಲಿಗಳಾಗುತ್ತಾರೆ. ಈ ಕಥೆ ಆ ಪದದ ಹಿಂದೆ ಸದಾ ನಿಂತಿರುತ್ತದೆ. ಹಾಗಾಗಿ "ಆತ್ಮಿಕ ವರ" ಅಂದ ಕೂಡಲೇ ತುಂಬಾ ಪ್ರಾರ್ಥನೆ ಮಾಡಿದವರಿಗೆ, ತುಂಬಾ ಪರಿಶುದ್ಧರಿಗೆ ಸಿಗುವ ಬಹುಮಾನ ಅಂತ ಒಳಗೊಳಗೇ ಅನ್ನಿಸಿಬಿಡುತ್ತದೆ. ಪೌಲ ಬಳಸಿದ ಗ್ರೀಕ್ ಪದ ಖಾರಿಸ್ಮ. ಖಾರಿಸ್ ಅಂದರೆ ಕೃಪೆ. ಸಂಪಾದಿಸದೆ ಬಂದದ್ದು, ಅದೂ ಇನ್ನೊಬ್ಬರ ಪ್ರಯೋಜನಕ್ಕಾಗಿ ಬಂದದ್ದು. ನಮ್ಮ ಹಿರಿಯರು ಕೃಪಾವರ ಅಂದಿದ್ದು ಎಷ್ಟು ಒಳ್ಳೆಯದಾಯಿತು ನೋಡು. ಆ ಪೂರ್ತಿ ಪದವನ್ನೇ ಬಳಸು. ಒಂದು ಕಡೆಯಾದರೂ ನಿಂತು ಅದನ್ನು ಬಿಡಿಸಿ ಹೇಳು.

ಈಗ ನನ್ನ ಕಥೆ. ನಿನ್ನ ವಯಸ್ಸಿನಲ್ಲಿ ನಾನೂ ಒಂದು ಶಿಬಿರದಲ್ಲಿ, ನನ್ನ ವರ ಯಾವುದು ಅಂತ ತಿಳಿಯುವ ಪ್ರಶ್ನಾವಳಿ ತುಂಬಿದ್ದೆ. ನಿನಗೆ ಬಂದ ಹಾಗೆಯೇ "ಬೋಧಿಸುವ ವರ" ಅಂತ ಬಂತು. ಖುಷಿಯಾಯಿತು. ಎರಡು ವರ್ಷ ಎಲ್ಲಿ ಕರೆದರೂ ಹೋಗಿ ವಾಕ್ಯ ಹೇಳಿದೆ. ಜನ ಮರ್ಯಾದೆಯಿಂದ ಕೂತು ಕೇಳಿದರು, ಎದ್ದು ಹೋದರು. ಯಾರೂ ಮರಳಿ ಬಂದು ಒಂದು ಪ್ರಶ್ನೆ ಕೇಳಲಿಲ್ಲ. ಅದೇ ಸಮಯದಲ್ಲಿ ಸಭೆಯ ಒಬ್ಬ ತಾಯಿ ಗಂಡನನ್ನು ಕಳೆದುಕೊಂಡರು. ಅವರ ಮನೆಗೆ ಹೋದೆ, ಬಾಯಲ್ಲಿ ಒಂದು ಮಾತೂ ಬರಲಿಲ್ಲ. ವಾಪಸ್ ಬಂದು ರಾತ್ರಿ ಒಂದು ಪುಟ ಬರೆದು ಕಳಿಸಿದೆ. ಅದರಲ್ಲಿ ವಚನ ಒಂದೇ ಇತ್ತು. ಉಳಿದದ್ದೆಲ್ಲ ಅವರ ಗಂಡನ ಬಗ್ಗೆ: ಯಾವಾಗಲೂ ಬಾಗಿಲ ಹತ್ತಿರದ ಕೊನೆಯ ಬೆಂಚಿನಲ್ಲೇ ಕೂರುತ್ತಿದ್ದದ್ದು, ತಡವಾಗಿ ಬಂದವರಿಗೆ ಸರಿದು ಜಾಗ ಕೊಡುತ್ತಿದ್ದದ್ದು, ಹಾಡುತ್ತಿರುವ ಕೀರ್ತನೆಯ ಪುಟವನ್ನೇ ತೆರೆದು ಪುಸ್ತಕವನ್ನು ಅವರ ಕೈಗೆ ಇಡುತ್ತಿದ್ದದ್ದು. ಒಂದು ಭಾನುವಾರ ಹಾಗೆ ನನ್ನ ಕೈಗೂ ಇಟ್ಟಿದ್ದರು.

ಎಂಟು ತಿಂಗಳ ಮೇಲೆ ಆ ತಾಯಿಯ ಮನೆಗೆ ಹೋದಾಗ ಅವರು ಸತ್ಯವೇದದೊಳಗಿಂದ ಆ ಕಾಗದ ತೆಗೆದು ತೋರಿಸಿದರು. ಮಡಿಕೆ ಬಿದ್ದ ಕಡೆ ಹರಿದಿತ್ತು, ಹಿಂದಿನಿಂದ ಟೇಪ್ ಅಂಟಿಸಿದ್ದರು. ಕಾಗದ ಬಟ್ಟೆಯ ಹಾಗೆ ಮೆತ್ತಗಾಗಿತ್ತು. ಕೀರ್ತನೆ ಪುಸ್ತಕದ ಬಗ್ಗೆ ನಾನು ಬರೆದ ಸಾಲಿನ ಮೇಲೆ ಬೆರಳಾಡಿಸಿ ಆಡಿಸಿ ಅಲ್ಲಿ ಶಾಯಿ ಮಸುಕಾಗಿತ್ತು. "ನಿದ್ದೆ ಬರದಾಗ ಇದನ್ನ ಓದ್ತೀನಮ್ಮ" ಅಂದರು. ಅವತ್ತು ನನಗೆ ತಿಳಿದ ವಿಷಯ ಎರಡು ವರ್ಷದ ಬೋಧನೆಯಲ್ಲಿ ತಿಳಿದಿರಲಿಲ್ಲ. ನೊಂದವರನ್ನು ಸಂತೈಸುವ ಒಂದು ಕೆಲಸವನ್ನು ದೇವರು ನನ್ನ ಕೈಯಿಂದ ಮಾಡಿಸಿಕೊಂಡಿದ್ದ. ಪೆನ್ನು ಅದಕ್ಕೆ ಪಾತ್ರೆಯಾಗಿತ್ತು, ಅಷ್ಟೇ.

ಇದನ್ನೇ ನಿನಗೆ ಹೇಳಬೇಕಾಗಿರುವುದು. ಬರೆಯುವುದು ಯಾವ ಪಟ್ಟಿಯಲ್ಲೂ ಇಲ್ಲ. ಹುಡುಕಿ ನೋಡು. ಬರವಣಿಗೆಯಲ್ಲಿ ಏನು ಸಾಗಿಹೋಗುತ್ತದೆ ಅನ್ನುವುದೇ ವರ. ಒಬ್ಬರ ಬರಹ ಓದಿದರೆ ಗೊಂದಲ ತಿಳಿಯಾಗುತ್ತದೆ, ಅದು ಬೋಧನೆ. ಇನ್ನೊಬ್ಬರದು ಓದಿದರೆ ಎದ್ದು ನಿಲ್ಲಬೇಕು ಅನ್ನಿಸುತ್ತದೆ, ಮತ್ತೊಬ್ಬರದು ಓದಿದರೆ ಕೊಡಬೇಕು ಅನ್ನಿಸುತ್ತದೆ. "ನಾನು ಬರೆಯಬಲ್ಲೆನಾ" ಅಂತ ಕೇಳಿಕೊಳ್ಳುವುದನ್ನು ಸ್ವಲ್ಪ ದಿನ ಬಿಡು. ನಿನ್ನದನ್ನು ಓದಿದವರು ಏನು ಮಾಡಿದರು ಅಂತ ನೋಡು.

ತಬಿಥಾ ನೆನಪಿದ್ದಾಳಲ್ಲ, ಯೊಪ್ಪದವಳು, ದೊರ್ಕ ಅಂತಲೂ ಕರೆಯುತ್ತಿದ್ದರು. ಅಪೊಸ್ತಲರ ಕೃತ್ಯಗಳು 9ರಲ್ಲಿ ಬರುತ್ತಾಳೆ. ಅವಳು ಸತ್ತಾಗ ಪೇತ್ರ ಮೇಲಂತಸ್ತಿಗೆ ಬರುತ್ತಾನೆ. ಅವಳಿಗೆ ಇಂಥ ವರ ಇತ್ತು ಅಂತ ಅಲ್ಲಿ ಯಾರೂ ಹೇಳುವುದಿಲ್ಲ. ವಿಧವೆಯರು ಅಳುತ್ತಾ, ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು ಅವನಿಗೆ ತೋರಿಸುತ್ತಾರೆ. ಆ ಭಾಗ ಓದುವಾಗೆಲ್ಲ ನನಗೆ ಟೇಪ್ ಅಂಟಿಸಿದ ಆ ಕಾಗದ ಕಣ್ಣಮುಂದೆ ಬರುತ್ತದೆ. ಬಾರ್ನಬನಿಗೂ ಆ ಹೆಸರು ಅವನೇ ಇಟ್ಟುಕೊಂಡದ್ದಲ್ಲ. ಅವನು ಕುಪ್ರದ್ವೀಪದ ಯೋಸೇಫ. ಅವನ ಜೊತೆ ಬದುಕಿದ ಅಪೊಸ್ತಲರು ಅವನಿಂದ ಏನು ಸಿಕ್ಕಿತು ಅಂತ ನೋಡಿ ಧೈರ್ಯ ತುಂಬುವವನು ಅಂತ ಕರೆದರು. ಪ್ರಶ್ನಾವಳಿ ತುಂಬುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಅದರಲ್ಲಿ ನಿನ್ನ ಬಗ್ಗೆ ಉತ್ತರ ಕೊಡುವವಳು ನೀನೊಬ್ಬಳೇ. ನಿನ್ನಿಂದ ಪಡೆದವರನ್ನು ಅದು ಕೇಳುವುದಿಲ್ಲ, ಅಲ್ವಾ?

ಹಾಗಂತ ಪಾತ್ರೆ ಹೇಗಿದ್ದರೂ ನಡೆಯುತ್ತದೆ ಅಂದುಕೊಳ್ಳಬೇಡ. ವಿಮೋಚನಕಾಂಡ 31ರಲ್ಲಿ, ಇಸ್ರಾಯೇಲ್ಯರ ಆರಾಧನೆಯ ಗುಡಾರ ಮಾಡಿದ ಕುಶಲಕರ್ಮಿ ಬೆಚಲೇಲನನ್ನು ನೋಡು. ದೇವರ ಆತ್ಮದಿಂದ ತುಂಬಿದವನು ಅಂತ ಅವನನ್ನು ಹೇಳಿದೆ, ಯಾತಕ್ಕೆ? ಚಿನ್ನ, ಬೆಳ್ಳಿ, ತಾಮ್ರದ ಕೆಲಸಕ್ಕೆ, ರತ್ನ ಕೆತ್ತುವುದಕ್ಕೆ, ಮರಗೆಲಸಕ್ಕೆ. ಆತ್ಮದಿಂದ ತುಂಬಿದ್ದಾನೆ ಅಂತ ಅವನು ಅಳತೆ ತಪ್ಪಿಸಲಿಲ್ಲ. ಗುಡಾರದ ಒಂದೊಂದು ಹಲಗೆಗೂ, ಪರದೆಗೂ ಅಳತೆ ಇತ್ತು. ಸುವಾರ್ತೆ ಬರೆದ ಲೂಕನೂ ಹಾಗೆಯೇ. ಎಲ್ಲವನ್ನೂ ಮೊದಲಿನಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಅಂತ ಥೆಯೊಫಿಲನಿಗೆ ಮೊದಲೇ ಹೇಳುತ್ತಾನೆ. ನಿನ್ನ ಲೇಖನದಲ್ಲಿ ಎರಡು ಕಡೆ ವಚನದ ಸಂಖ್ಯೆ ತಪ್ಪಿದೆ, ಗುರುತು ಹಾಕಿದ್ದೇನೆ. ಕಳಿಸುವ ಮೊದಲು ಒಂದೊಂದನ್ನೂ ತೆರೆದು ನೋಡು. ಹಿಂದಿನ ಮುಂದಿನ ವಚನಗಳನ್ನೂ ಓದು. "ದೇವರು ಕೊಟ್ಟ ಹಾಗೇ ಬರೆದೆ, ತಿದ್ದಲಿಲ್ಲ" ಅಂತ ಯಾರಾದರೂ ಹೇಳಿದರೆ ನನಗೆ ಬೇಸರವಾಗುತ್ತದೆ. ತಿದ್ದುವ ಬುದ್ಧಿಯನ್ನೂ ಅವನೇ ಕೊಟ್ಟಿದ್ದಲ್ಲವೇ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ವಾಸಿಮಾಡುವ ವರದ ಪ್ಯಾರಾದಲ್ಲಿ "ಸಂಪೂರ್ಣ ನಂಬಿಕೆ ಇದ್ದರೆ ವಾಸಿಯಾಗದ ಕಾಯಿಲೆ ಇಲ್ಲ" ಅಂತ ಬರೆದಿದ್ದೀಯ. ಆ ಸಾಲು ತೆಗೆದುಹಾಕು. ಮಗುವನ್ನು ಕಳೆದುಕೊಂಡ ಒಬ್ಬ ಅಮ್ಮ ಅದನ್ನು ಓದುತ್ತಾಳೆ ಅಂತ ಇಟ್ಟುಕೋ. ತನ್ನ ನಂಬಿಕೆ ಸಾಲದೇ ಹೋಗಿದ್ದಕ್ಕೆ ಮಗು ಸತ್ತಿತು ಅಂತ ಅವಳು ಅಂದುಕೊಳ್ಳುವುದಿಲ್ಲವಾ? ಸತ್ಯವೇದ ಹಾಗೆ ಹೇಳುವುದೂ ಇಲ್ಲ. ಮೆಲಿತೆ ದ್ವೀಪದಲ್ಲಿ ಪೊಪ್ಲಿಯನ ತಂದೆಯ ಮೇಲೆ ಕೈಯಿಟ್ಟು ವಾಸಿಮಾಡಿದ ಅದೇ ಪೌಲ, ತನ್ನ ಜೊತೆಗಾರ ತ್ರೊಫಿಮ ಅಸ್ವಸ್ಥನಾಗಿದ್ದಾಗ ಅವನನ್ನು ಮಿಲೇತದಲ್ಲಿ ಬಿಟ್ಟು ಬಂದೆ ಅಂತ 2 ತಿಮೊಥೆಯ 4:20ರಲ್ಲಿ ಬರೆಯುತ್ತಾನೆ. ತಿಮೊಥೆಯನಿಗೆ ಆಗಾಗ ಬರುತ್ತಿದ್ದ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅನ್ನುತ್ತಾನೆ. ತನ್ನ ಶರೀರದಲ್ಲಿದ್ದ ಮುಳ್ಳನ್ನು ತೆಗೆ ಅಂತ ಮೂರು ಸಲ ಬೇಡಿಕೊಂಡ, ಅದು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಬಂತು. ದೇವರು ವಾಸಿಮಾಡುತ್ತಾನೆ ಅಂತ ಧೈರ್ಯವಾಗಿ ಬರಿ, ನಾನೂ ಅದನ್ನು ನಂಬುತ್ತೇನೆ. ಆದರೆ ವಾಸಿಯಾಗದವರ ಮೇಲೆ ತಪ್ಪು ಹೊರಿಸುವ ಒಂದು ಅಕ್ಷರವೂ ನಿನ್ನ ಪೆನ್ನಿನಿಂದ ಬರಬಾರದು. ಅನ್ಯಭಾಷೆ, ಪ್ರವಾದನೆ ಇವತ್ತೂ ಇವೆಯಾ, ಅಪೊಸ್ತಲರ ಕಾಲಕ್ಕೇ ಮುಗಿದವಾ ಅನ್ನುವುದರಲ್ಲಿ ಸಭೆಗಳಲ್ಲಿ ಭಿನ್ನಾಭಿಪ್ರಾಯ ಇದೆ. ನಿನ್ನ ಅಭಿಪ್ರಾಯ ಹೇಳು, ಬೇರೆಯವರನ್ನು ಹೀಗಳೆಯಬೇಡ. ಅಷ್ಟು ಸಾಕು.

ಕ್ರಿ.ಶ. 55ರ ಸುಮಾರಿಗೆ ಪೌಲ ಎಫೆಸದಿಂದ ಕೊರಿಂಥದವರಿಗೆ ಬರೆದಾಗಲೂ ತೊಂದರೆ ಇದೇ ಇತ್ತು. ಕಣ್ಣಿಗೆ ಕಾಣುವ ವರಗಳಿದ್ದವರು ಮೇಲೆ, ಉಳಿದವರು ಕೆಳಗೆ. ಅದಕ್ಕೇ ಅವನು ಕೈ, ಕಾಲು, ಕಣ್ಣು, ಕಿವಿ ಅಂತ ದೇಹದ ಮಾತು ಎತ್ತಿದ್ದು, ಮಧ್ಯದಲ್ಲಿ ನಿಂತು ಒಂದು ಪೂರ್ತಿ ಅಧ್ಯಾಯ ಪ್ರೀತಿಯ ಬಗ್ಗೆ ಬರೆದದ್ದು. ನಿನ್ನ ಲೇಖನದಲ್ಲಿ 12ನೇ ಅಧ್ಯಾಯ ಇದೆ, 14 ಇದೆ, ಪ್ರೀತಿಯ ಆ 13 ಇಲ್ಲ. ಸಹಾಯ ಮಾಡುವವರ ಬಗ್ಗೆ ಒಂದು ಸಾಲೂ ಇಲ್ಲ. ಯಾರು ಎರಡು ವಾರದಿಂದ ಆರಾಧನೆಗೆ ಬಂದಿಲ್ಲ ಅಂತ ಗಮನಿಸಿ, ಯಾರಿಗೂ ಹೇಳದೆ ಅವರ ಮನೆಗೆ ಹೋಗಿ ಬರುವವರು ಎಲ್ಲಾ ಸಭೆಯಲ್ಲೂ ಒಬ್ಬರಾದರೂ ಇರುತ್ತಾರೆ. ತಮ್ಮಲ್ಲಿ ವರ ಇದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಅವರನ್ನು ಕುರಿತು ಬರಿ. ಅವರು ಓದಿ "ಓ, ಇದೂ ವರವಾ" ಅಂದುಕೊಂಡರೆ ನಿನ್ನ ಲೇಖನ ಕೆಲಸ ಮಾಡಿದೆ ಅಂತ ಅರ್ಥ.

ಕಳಿಸಿದ ಮೂರು ಲೇಖನ ವಾಪಸ್ ಬಂದವು ಅಂತ ನೊಂದುಕೊಂಡಿದ್ದೀಯ. ಪ್ರವಾದಿ ಯೆರೆಮೀಯನ ಮಾತು ಬರೆದುಕೊಳ್ಳುತ್ತಿದ್ದ ಬಾರೂಕನ ಕಥೆ ಓದು, ಯೆರೆಮೀಯ 36. ಯೆರೆಮೀಯ ಹೇಳುತ್ತಾ ಹೋದ, ಅವನು ಸುರುಳಿಯಲ್ಲಿ ಶಾಯಿಯಿಂದ ಬರೆದ. ಚಳಿಗಾಲದ ಅರಮನೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂತಿದ್ದ ರಾಜ ಯೆಹೋಯಾಕೀಮನ ಎದುರು ಅದನ್ನು ಓದಿದರು. ಮೂರು ನಾಲ್ಕು ಅಂಕಣ ಓದಿ ಮುಗಿಸಿದ ಹಾಗೆಲ್ಲ ರಾಜ ಅಷ್ಟನ್ನು ಕತ್ತರಿಸಿ ಬೆಂಕಿಗೆ ಹಾಕಿದ, ಅದೂ ಬರೆಯುವವರು ಇಟ್ಟುಕೊಳ್ಳುವ ಚೂರಿಯಿಂದ. ಆಮೇಲೆ ಬಾರೂಕ ಇನ್ನೊಂದು ಸುರುಳಿ ತೆಗೆದುಕೊಂಡು ಎಲ್ಲವನ್ನೂ ಮತ್ತೆ ಬರೆದ. ಅಂಥವೇ ಇನ್ನೂ ಅನೇಕ ಮಾತುಗಳು ಅದಕ್ಕೆ ಸೇರಿದವು. ಇದನ್ನು ನಾವು ಧೈರ್ಯಕ್ಕೆ ಹೇಳಿಕೊಳ್ಳುತ್ತೇವೆ, ಸರಿ. ಆದರೆ 45ನೇ ಅಧ್ಯಾಯವನ್ನೂ ಓದು, ಐದೇ ವಚನ ಇದೆ. ದಣಿದು ನರಳುತ್ತಿದ್ದ ಬಾರೂಕನಿಗೆ ದೇವರು ಕೇಳುತ್ತಾನೆ: ನಿನಗೋಸ್ಕರ ದೊಡ್ಡ ದೊಡ್ಡದನ್ನು ಹುಡುಕುತ್ತಿದ್ದೀಯಾ? ಹುಡುಕಬೇಡ. ನನ್ನ ಹೆಸರು ಮೊದಲ ಸಲ ಅಚ್ಚಾದ ವರ್ಷ ಆ ವಚನ ನನ್ನನ್ನು ಹಿಡಿದು ನಿಲ್ಲಿಸಿತ್ತು. ಈಗಲೂ ಆಗಾಗ ನಿಲ್ಲಿಸುತ್ತದೆ. ನಿನಗೆ ಇಷ್ಟು ಬೇಗ ಅದನ್ನು ಹೇಳುತ್ತಿರುವುದು ಪ್ರೀತಿಯಿಂದಲೇ.

ಈಗ, ಪತ್ರವನ್ನು ಮೂರು ಸಲ ಯಾಕೆ ಓದಿದೆ ಅಂತ. ಮೂರನೇ ಪುಟದಲ್ಲಿ, ಲೇಖನ ಯಾಕೆ ತಡವಾಯಿತು ಅಂತ ಕಾರಣ ಹೇಳುವಾಗ, ಒಂದು ಮಾತು ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ಕಣ್ಣು ಮಂಜಾದ ಒಬ್ಬ ಅಜ್ಜಿಗೆ ವಾರಕ್ಕೆರಡು ದಿನ ಕೀರ್ತನೆ ಓದಿ ಹೇಳುತ್ತೀಯ, ಕಷ್ಟದ ಪದ ಬಂದರೆ ನಿಲ್ಲಿಸಿ ಸುಲಭದ ಮಾತಿನಲ್ಲಿ ಬಿಡಿಸುತ್ತೀಯ, ಹೋದ ವಾರ ಅವರು ನಿನ್ನ ಕೈ ಹಿಡಿದು "ಇನ್ನೊಂದು ಸಲ ಓದು ಮಗಳೇ, ನೀನು ಹೇಳಿದ್ರೆ ನಂಗೆ ಅರ್ಥ ಆಗುತ್ತೆ" ಅಂದರು ಅಂತ. ಇಡೀ ಲೇಖನದಲ್ಲಿ ನನಗೆ ಸಿಗದೇ ಇದ್ದದ್ದು ಈ ಒಂದು ವಾಕ್ಯದಲ್ಲಿ ಸಿಕ್ಕಿತು. ಅದಕ್ಕೆ ನಾನು ಹೆಸರು ಇಡುವುದಿಲ್ಲ. ನಿನ್ನ ಸಭಾಪಾಲಕರ ಹತ್ತಿರ, ಆ ಅಜ್ಜಿಯ ಹತ್ತಿರವೂ ಕೇಳು, ಅವರು ಹೇಳಲಿ.

ಲೇಖನವನ್ನು ಅಲ್ಲಿಂದ ಶುರು ಮಾಡು. ಅಜ್ಜಿಯ ಒಪ್ಪಿಗೆ ಪಡೆದುಕೋ, ಹೆಸರು ಹಾಕಬೇಡ. ಒಂಬತ್ತು ಪ್ಯಾರಾಗಳಲ್ಲಿ ಎಷ್ಟು ಉಳಿಯುತ್ತದೆ ಅಂತ ಆಮೇಲೆ ನೋಡೋಣ. ಅವತ್ತು ಓದಿದ್ದು ಯಾವ ಕೀರ್ತನೆ, ಯಾವ ಪದದ ಹತ್ತಿರ ಅವರು ನಿನ್ನನ್ನು ನಿಲ್ಲಿಸಿದರು ಅಂತ ಪತ್ರದಲ್ಲಿ ಬರೆದಿಲ್ಲ. ಅದನ್ನು ಬರೆದು ಕಳಿಸು, ಕಾಯುತ್ತಿರುತ್ತೇನೆ.

ಕರ್ತನಲ್ಲಿ,
ನಿನ್ನ ಅಕ್ಕ