ಒಂದನೇ ತಾರೀಖು ತಪ್ಪಿಸ್ಬೇಡ ಪುಟ್ಟಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನಮ್ಮ ಫೋನ್ ಮಾಡಿದ್ಲು, ಟ್ರಸ್ಟ್‌ನೋರು ಸಂಗೀತದ ಫೆಲೋಶಿಪ್ ಪೂರ್ತಿ ನಿನ್ನ ಕೈಗೇ ಕೊಟ್ಟಿದಾರಂತೆ, ಎಂಟು ಜನ ಹುಡುಗ್ರು, ಎರಡು ವರ್ಷ, ಹಾಡೋರು ನುಡಿಸೋರು ಎಲ್ಲ ಸೇರಿ. ಕೇಳಿ ಎಷ್ಟು ಖುಷಿ ಆಯ್ತು ಅಂದ್ರೆ ರಾತ್ರಿ ನಿದ್ದೇನೇ ಬರ್ಲಿಲ್ಲ ಮಾರಾಯ್ತಿ. ಫೋನಲ್ಲಿ ಹೇಳಿದ್ರೆ ಅರ್ಧ ಮರ್ತು ಹೋಗುತ್ತೆ, ಅದಕ್ಕೇ ಕೂತು ಟೈಪ್ ಮಾಡ್ತಿದೀನಿ, ಇಲ್ಲಿ ಮೂರು ದಿನದಿಂದ ಮಳೆ ಬಿಡದೆ ಸುರೀತಿದೆ, ಕರೆಂಟು ಬಂದು ಹೋಗಿ ಮಾಡ್ತಿದೆ, ತಪ್ಪಿದ್ರೆ ತಿದ್ಕೊಂಡು ಓದು.

ಮೊದ್ಲು ದುಡ್ಡಿನ ವಿಷಯ. ಸಂಗೀತದ ಮಾತು ಬಿಟ್ಟು ದುಡ್ಡಿಂದ ಶುರು ಮಾಡ್ತಾಳಲ್ಲ ಅನ್ಕೋಬೇಡ. ನಾನೂ ನಾಲ್ಕು ವರ್ಷ ಇಂಥದ್ದೇ ಒಂದು ಸಣ್ಣ ಸ್ಕೀಮ್ ನೋಡ್ಕೊಂಡಿದ್ದೆ, ನಿಂಗಾಗ ಏಳೋ ಎಂಟೋ ವರ್ಷ. ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ ಇದ್ದ, ವಯೊಲಿನ್, ಬಹಳ ಸಣ್ಣ ನಾದ ಆದ್ರೆ ಶ್ರುತಿ ಅಂದ್ರೆ ಶ್ರುತಿ, ಅವನು ಷಡ್ಜಕ್ಕೆ ಬಂದು ನಿಂತ್ರೆ ಪಾಠದ ಕೋಣೇಲಿ ಬೇರೆ ಮಕ್ಕಳು ಮಾತು ನಿಲ್ಲಿಸೋರು. ಆ ವರ್ಷ ದುಡ್ಡು ಕೊಡ್ತೀವಿ ಅಂದಿದ್ದೋರು ಐದು ತಿಂಗಳು ಕೊಡ್ಲಿಲ್ಲ. ನಾನು ಅವನಿಗೆ ಇದ್ದದ್ದನ್ನ ಇದ್ದ ಹಾಗೆ ಹೇಳ್ಬೇಕಿತ್ತು, ಹೇಳ್ಲಿಲ್ಲ, ಪ್ರತಿ ಸಲ ಮುಂದಿನ ವಾರ ಬರುತ್ತಪ್ಪ ಅಂದೆ. ಕಾರ್ತಿಕದಲ್ಲಿ ಪಾಠಕ್ಕೆ ಬರೋದೇ ನಿಲ್ಲಿಸ್ದ. ಹುಡುಕ್ಕೊಂಡು ಅವನೂರಿಗೆ ಹೋದ್ರೆ, ಅಡಿಕೆ ಸುಲಿಯೋ ಚಪ್ಪರದಲ್ಲಿ ಲೈಟ್ ಹಾಕ್ಕೊಂಡು ಹತ್ತು ಜನ ಕೂತಿದಾರೆ, ಅದರಲ್ಲಿ ಇವನೂ ಒಬ್ಬ, ಮೆಟ್ಟುಗತ್ತಿ ಮುಂದೆ. ನನ್ನ ನೋಡಿ ಎದ್ದು ಬಂದ, ಕೈ ಹಿಡ್ಕೊಂಡೆ. ಎಡಗೈ ಬೆರಳ ತುದೀಲಿ ತಂತಿ ಒತ್ತಿ ಒತ್ತಿ ಗೆರೆ ಬಿದ್ದಿರುತ್ತಲ್ಲ, ಆ ಗೆರೆ ಇರ್ಲಿಲ್ಲ. ಬೆರಳೆಲ್ಲ ಅಡಿಕೆ ಚೊಗರು ಹತ್ತಿ ಕಪ್ಪಾಗಿತ್ತು. ಆಮೇಲೆ ದುಡ್ಡು ಬಂತು, ಕೊಟ್ವಿ, ಅವನು ವಾಪಸ್ ಬರ್ಲಿಲ್ಲ. ಅಪ್ಪನ ಸಾಲ ಇತ್ತು, ಮನೇಲಿ ಒಂದು ಸಲ ದುಡಿಯೋ ಕೈ ಅಂತ ಎಣಿಸಿದ್ರೆ ಮುಗೀತು.

ಅದಕ್ಕೇ ಹೇಳ್ತೀನಿ, ಕೇಂದ್ರ ಸಂಸ್ಕೃತಿ ಇಲಾಖೆಯ ಯುವ ಕಲಾವಿದರ ಸ್ಕಾಲರ್‌ಶಿಪ್ ಇದ್ಯಲ್ಲ, 18ರಿಂದ 25 ವರ್ಷದೋರಿಗೆ ತಿಂಗಳಿಗೆ 5000 ರೂಪಾಯಿ ಲೆಕ್ಕದಲ್ಲಿ ಎರಡು ವರ್ಷ ಕೊಡೋದು, ಅದು ಆರಾರು ತಿಂಗಳಿಗೊಂದು ಕಂತಾಗಿ ಬರುತ್ತೆ, ಸರ್ಕಾರದ ವ್ಯವಸ್ಥೆಗೆ ಅದು ಸರಿ ಇರಬಹುದು, ನೀನು ಮಾತ್ರ ಹಾಗೆ ಇಟ್ಕೋಬೇಡ. ಬಾಡಿಗೆ ತಿಂಗಳಿಗೊಂದು ಸಲ, ಮೆಸ್ಸಿನ ದುಡ್ಡು ತಿಂಗಳಿಗೊಂದು ಸಲ, ಫೆಲೋಶಿಪ್ಪೂ ತಿಂಗಳ ಒಂದನೇ ತಾರೀಖು ಅಕೌಂಟಿಗೆ ಬೀಳ್ಬೇಕು. ಆರು ತಿಂಗಳ ದುಡ್ಡು ಬ್ಯಾಂಕಲ್ಲಿ ಬಂದು ಕೂರೋ ತನಕ ಅರ್ಜಿ ಕರೀಲೇಬೇಡ, ಟ್ರಸ್ಟಿಗಳು ಎಷ್ಟೇ ಅವಸರ ಮಾಡ್ಲಿ. ಗುರುಗಳ ಸಂಭಾವನೆ ಬೇರೆ ತೆಗ್ದಿಡು, ಹುಡುಗರ ಕೈಯಿಂದ ಕೊಡಿಸ್ಬೇಡ, ನೇರ ಗುರುಗಳಿಗೇ ಹೋಗ್ಲಿ. ವಾದ್ಯ ರಿಪೇರಿಗೂ ಒಂದಿಷ್ಟು ಇಡು, ಇದನ್ನ ಬೆಂಗ್ಳೂರಲ್ಲಿ ಕೂತು ಬಜೆಟ್ ಬರೆಯೋರು ಮರೀತಾರೆ. ನಮ್ಮ ಮಳೆಗಾಲದಲ್ಲಿ ಮೃದಂಗದ ಮುಚ್ಚಿಗೆ, ಅದೇ ಬಾಯಿಗೆ ಬಿಗಿಯೋ ಚರ್ಮ, ಸಡಿಲ ಆಗಿ ಶ್ರುತಿ ನಿಲ್ಲೋದಿಲ್ಲ, ಪಾಪ ಆ ಹುಡುಗ್ರು ಸಾಧನೆ ಮಾಡೋದು ಬಿಟ್ಟು ಬಡ್ದು ಬಡ್ದು ಶ್ರುತಿ ಏರಿಸೋದ್ರಲ್ಲೇ ಅರ್ಧ ಗಂಟೆ ಕಳೀತಾರೆ, ಮುಚ್ಚಿಗೆ ಹಾಕಿಸೋಕೆ ಕೈಯಲ್ಲಿ ಕಾಸಿರಲ್ಲ.

ಆಯ್ಕೆ ಮಾಡೋವಾಗ ಒಂದು ಕೆಲಸ ಮಾಡು. ಎಲ್ಲರೂ ಚೆನ್ನಾಗಿ ತಯಾರಿ ಮಾಡ್ಕೊಂಡ ಒಂದು ಕೃತಿ ಹಾಡಿ ಹೋಗ್ತಾರೆ, ಅದರಿಂದ ಅವರ ಗುರುಗಳು ಎಷ್ಟು ಒಳ್ಳೆಯೋರು ಅಂತ ಗೊತ್ತಾಗುತ್ತೆ ಅಷ್ಟೆ. ಅಲ್ಲೇ ಕೂರಿಸಿ ಗೊತ್ತಿಲ್ಲದ ಒಂದು ಪಲ್ಲವಿಯ ನಾಲ್ಕು ಸಂಗತಿ, ಅಂದ್ರೆ ಅದೇ ಸಾಲನ್ನ ನಾಲ್ಕು ಥರ ಹಾಡೋದನ್ನ, ಹೇಳಿಕೊಡ್ಸು, ಇಪ್ಪತ್ತು ನಿಮಿಷ ಸಾಕು, ಹೇಗೆ ಕೇಳಿಸ್ಕೊತಾರೆ, ತಪ್ಪಿದ್ರೆ ಮುಖ ಹೇಗಾಗುತ್ತೆ, ಎರಡನೇ ಸಲ ಎಷ್ಟು ಸರಿ ಮಾಡ್ತಾರೆ ನೋಡು. ಪಕ್ಕವಾದ್ಯದ ಹುಡುಗರನ್ನ ಕೊನೇಲಿ ಉಳಿದ ಜಾಗಕ್ಕೆ ತುಂಬ್ಕೋಬೇಡ, ಎಂಟರಲ್ಲಿ ಮೂರಾದ್ರೂ ಅವರಿಗೇ ಅಂತ ಮೊದ್ಲೇ ಎತ್ತಿಡು. ಶಿವಮೊಗ್ಗದಲ್ಲಿ ಹಾಡೋ ಮಕ್ಕಳು ಬೀದಿಗೆ ಇಬ್ಬರು ಸಿಕ್ತಾರೆ, ಒಳ್ಳೆ ವಯೊಲಿನ್ನಿಗೆ ಬೆಂಗ್ಳೂರಿಗೆ ಫೋನ್ ಮಾಡ್ಬೇಕು.

ಇನ್ನು ಅವರ ಸಮಯ. ಪುಟ್ಟಿ, ನೀನು ಕಾಯ್ಬೇಕಾದ್ದು ಆ ಮಕ್ಕಳ ಬೆಳಗಿನ ಹೊತ್ತನ್ನ. ದುಡ್ಡು ಕೊಡೋರು ಒಳ್ಳೆಯೋರೇ ಇರ್ತಾರೆ, ಆದ್ರೆ ಮನೆ ಗೃಹಪ್ರವೇಶಕ್ಕೆ ಒಂದು ಪ್ರಾರ್ಥನೆ, ಅಂಗಡಿ ಓಪನಿಂಗಿಗೆ ಅರ್ಧ ಗಂಟೆ ವೀಣೆ, ಮಗಳ ರಿಸೆಪ್ಷನ್ನಿಗೆ ನಾಲ್ಕು ದೇವರನಾಮ ಅಂತ ಒಂದೊಂದಾಗಿ ಕೇಳ್ತಾ ಹೋಗ್ತಾರೆ, ಹುಡುಗರಿಗೆ ಇಲ್ಲ ಅನ್ನೋ ಧೈರ್ಯ ಇರಲ್ಲ, ನೀನು ಅನ್ಬೇಕು. ವರ್ಷಕ್ಕೆ ಟ್ರಸ್ಟ್ ಪರವಾಗಿ ಇಷ್ಟೇ ಕಛೇರಿ, ಅದಕ್ಕೂ ಪಕ್ಕವಾದ್ಯದೋರಿಗೂ ಸೇರಿಸಿ ಇಷ್ಟು ಸಂಭಾವನೆ ಅಂತ ಮೊದಲ ದಿನವೇ ಬರೆದು ಎಲ್ಲರ ಕೈಗೂ ಕೊಡು. ರಿಪೋರ್ಟೂ ಅಷ್ಟೆ, ಎಷ್ಟು ಕೃತಿ ಆಯ್ತು ಅಂತ ಲೆಕ್ಕ ಕೇಳ್ಬೇಡ, ಕೇಳಿದ್ರೆ ಅವರು ಗಬಗಬ ಕಲೀತಾರೆ. ಮೂರು ತಿಂಗಳಿಗೊಂದ್ಸಲ ಅದೇ ಕೋಣೆ, ಅದೇ ತಂಬೂರಿ, ಅದೇ ರಾಗ, ತೋಡಿನೋ ಕಲ್ಯಾಣಿನೋ ಯಾವುದಾದ್ರೂ ಒಂದು, ಹದಿನೈದು ನಿಮಿಷ ಆಲಾಪನೆ ಮೊಬೈಲಲ್ಲಿ ರೆಕಾರ್ಡ್ ಮಾಡಿಡು. ಮೃದಂಗದೋರದ್ದು ಒಂದು ತನಿ, ಅಂದ್ರೆ ಅವರೊಬ್ಬರೇ ನುಡಿಸೋ ಭಾಗ. ವರ್ಷದ ಕೊನೆಗೆ ನಾಲ್ಕನ್ನೂ ಒಟ್ಟಿಗೆ ಹಾಕಿ ಕೇಳಿದ್ರೆ ಅವರಿಗೇ ಗೊತ್ತಾಗುತ್ತೆ.

ಮತ್ತೆ ಹೊಸಹಳ್ಳಿ ನಮ್ಮ ಬಗಲಲ್ಲೇ ಇದೆ, ತುಂಗೆ ದಾಟಿದ್ರೆ ಮತ್ತೂರು, ಈಚೆಗೆ ಹೊಸಹಳ್ಳಿ. ಎಚ್. ಆರ್. ಕೇಶವಮೂರ್ತಿಗಳು ಜೀವನ ಪೂರ್ತಿ ಗಮಕ, ಅದೇ ಕಾವ್ಯಾನ ರಾಗವಾಗಿ ಓದೋ ಕಲೆ, ಹೇಳಿಕೊಟ್ಟ ಊರು ಅದು, 2022ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಹೋಗ್ಬಿಟ್ರು. ನಿನ್ನ ಹಾಡೋ ಮಕ್ಕಳನ್ನ ಆ ಊರಿನ ಗಮಕಿಗಳ ಹತ್ರ ಒಂದಷ್ಟು ದಿನ ಕೂರಿಸು. ಗಮಕಕ್ಕೆ ತಾಳ ಇಲ್ಲ, ಪದ ಎಲ್ಲಿ ಮುಗಿಯುತ್ತೋ ಅಲ್ಲೇ ಉಸಿರು. ನಮ್ಮ ಮಕ್ಕಳು ತಾಳಕ್ಕೆ ಸಿಕ್ಕಿಸೋ ಭರದಲ್ಲಿ ಪದಾನ ನಡುಮಧ್ಯೆ ಮುರೀತಾರೆ, ದಾಸರ ಪದ ಹಾಡೋವಾಗ್ಲೂ ಅರ್ಥ ಎಲ್ಲೋ ಹೋಗಿರುತ್ತೆ, ಕೇಳೋಕೆ ಸಂಕಟ ಆಗುತ್ತೆ ನಂಗೆ. ಸಂಗೀತ ಕಲಿಯೋರಿಗೆ ಮೊದಲ ಪಾಠ ಮಾಯಾಮಾಳವಗೌಳ ರಾಗದಲ್ಲಿ ಹಾಕಿಕೊಟ್ಟೋರೇ ಪುರಂದರದಾಸರು, ಅವರು ನಮ್ಮ ತೀರ್ಥಹಳ್ಳಿ ಹತ್ರದ ಆರಗದ ಸೀಮೆಯೋರು ಅಂತಾನೂ ಹೇಳ್ತಾರೆ, ಅವರ ಮಾತನ್ನಾದ್ರೂ ನಮ್ಮೂರ ಮಕ್ಕಳು ನೆಟ್ಟಗೆ ಹೇಳ್ಬೇಕಲ್ವಾ.

ಹೆಣ್ಮಕ್ಕಳ ವಿಷಯ ಮುಚ್ಚುಮರೆ ಇಲ್ದೆ ಬರೀತೀನಿ. 2018ರಲ್ಲಿ ಚೆನ್ನೈ ಸಂಗೀತದೋರ ಮಧ್ಯೆ ಹೆಣ್ಮಕ್ಕಳು ತಮಗಾದ ಲೈಂಗಿಕ ಕಿರುಕುಳಾನ ಬಾಯಿಬಿಟ್ಟು ಹೇಳಿದ್ರಲ್ಲ, ಆಗ ಇಲ್ಲಿ ಎಷ್ಟೋ ಜನ ನಮ್ಮಲ್ಲಿ ಹಾಗೆಲ್ಲ ಇಲ್ಲ ಅಂದ್ರು, ನಾನು ಅನ್ಲಿಲ್ಲ. ಗುರು ಅಂದ ತಕ್ಷಣ ಮಕ್ಕಳು ಬಾಯಿ ಕಟ್ಕೊಂಡ್ಬಿಡ್ತಾರೆ. ಪಾಠದ ಕೋಣೆ ಬಾಗಿಲು ತೆಗ್ದಿರ್ಲಿ, ಹೊರಗೂರಿನ ಕಛೇರಿಗೆ ಹುಡುಗಿ ಒಬ್ಬಳನ್ನೇ ಕಳಿಸೋದು ಬೇಡ, ದೂರು ಹೇಳೋಕೆ ಟ್ರಸ್ಟಿಗೆ ಸಂಬಂಧ ಇಲ್ಲದ ಒಬ್ಬ ಹೆಂಗಸಿನ ನಂಬರ್ ಮೊದಲ ದಿನವೇ ಕೊಡು. ನಿಮ್ಮಲ್ಲಿ ಕೆಲಸದೋರು ಹತ್ತು ಜನಕ್ಕಿಂತ ಕಡಿಮೆ ಇದ್ರೆ ಕೆಲಸದ ಜಾಗದ ಲೈಂಗಿಕ ಕಿರುಕುಳದ 2013ರ ಕಾನೂನಿನ ಪ್ರಕಾರ ಜಿಲ್ಲೆಯ ಸ್ಥಳೀಯ ಸಮಿತಿಗೇ ದೂರು ಕೊಡ್ಬಹುದು, ಅದನ್ನೂ ಮೊದಲ ದಿನ ಕೊಡೋ ಹಾಳೆಲೇ ಬರೆದಿಡು.

ಎರಡು ವರ್ಷ ಮುಗಿದ ಮೇಲೆ ಏನು ಅನ್ನೋದನ್ನ ಈಗ್ಲೇ ಯೋಚನೆ ಮಾಡ್ಬೇಕು ನೀನು. ಹೆಗ್ಗೋಡಲ್ಲಿ ನೋಡು, ನೀನಾಸಂನೋರು 1980ರಲ್ಲಿ ನಾಟಕದ ಶಾಲೆ ಶುರು ಮಾಡಿದ್ರು, 1985ಕ್ಕೆ ತಿರುಗಾಟ ಅಂತ ತಂಡ ಕಟ್ಟಿದ್ರು, ಕಲ್ತೋರು ಕಲ್ತು ಮನೆಗೆ ಹೋಗೋ ಬದಲು ಊರೂರು ತಿರುಗಿ ನಾಟಕ ಆಡೋಕೆ ದಾರಿ ಆಯ್ತು. ಸಂಗೀತದೋರು ನಾವು ಅಷ್ಟು ಯೋಚಿಸಿಲ್ಲ. ಎರಡನೇ ವರ್ಷ ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪ ಅಂತ ಸಣ್ಣ ಸಣ್ಣ ಊರಿನ ದೇವಸ್ಥಾನ, ಶಾಲೆ ಹಾಲುಗಳಲ್ಲಿ ಕಛೇರಿ ಇಡಿಸು, ಕುವೆಂಪು ರಂಗಮಂದಿರದಲ್ಲಿ ಒಂದೇ ಒಂದು ದೊಡ್ಡ ಪ್ರೋಗ್ರಾಮ್ ಮಾಡಿ ಫೋಟೋ ಹಾಕಿ ಕೈತೊಳ್ಕೊಳ್ಳೋದಕ್ಕಿಂತ ಅದು ಎಷ್ಟೋ ಮೇಲು. ಆಕಾಶವಾಣಿ ಆಡಿಷನ್ನಿಗೆ ಅರ್ಜಿ ಹಾಕ್ಸು, ಬಿ ಗ್ರೇಡ್ ಆದ್ರೂ ಒಂದು ಗ್ರೇಡ್ ಕೈಯಲ್ಲಿದ್ರೆ ಕಛೇರಿ ಇಡಿಸೋ ಸಭಾದೋರು ಫೋನ್ ಎತ್ತುತ್ತಾರೆ, ಭದ್ರಾವತಿ ಕೇಂದ್ರ ಇಲ್ಲೇ ಇದೆ.

ಅರ್ಜಿ ಫಾರಂ ಡ್ರಾಫ್ಟ್ ಆದ ಮೇಲೆ ನಂಗೆ ವಾಟ್ಸಾಪ್ ಮಾಡು, ಕನ್ನಡದಲ್ಲೂ ಇರ್ಲಿ. ರೆಕಾರ್ಡಿಂಗ್ ಕೋಣೆಗೆ ತಂಬೂರಿ ಬೇಕಲ್ಲ, ನಂದು ತಗೊಂಡ್ಹೋಗು, ನಾನು ಈಗ ಎಲೆಕ್ಟ್ರಾನಿಕ್ಕಲ್ಲೇ ಹಾಡ್ಕೊತೀನಿ. ಬಸ್ಸಲ್ಲಿ ತರಿಸ್ಕೋಬೇಡ, ಬುರುಡೆ ಒಡೆಯುತ್ತೆ, ಮಳೆ ಸ್ವಲ್ಪ ಬಿಟ್ಟ ಮೇಲೆ ಕಾರ್ ತಗೊಂಡು ನೀನೇ ಬಾ. ತಂಬೂರಿ ಕುದುರೆ, ಅದೇ ತಂತಿ ಹಾದುಹೋಗೋ ಪಟ್ಟಿ, ಅದರ ಮೇಲೆ ತಂತಿ ಕೆಳಗೆ ದಾರ ಹೇಗೆ ಕೂರಿಸೋದು ಅಂತ ಅವತ್ತು ತೋರಿಸ್ಕೊಡ್ತೀನಿ.

ನಿನ್ನ ದೊಡ್ಡಮ್ಮ