ಕ್ಯಾಂಪರ್ ಗಾಡಿ ಮಾರಾಟ: ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ್ರೀ. ಜಮಖಂಡಿಯ ನಮ್ಮ ಫೋರ್ ವೀಲ್ ಡ್ರೈವ್ ಬೊಲೆರೊ ಕ್ಯಾಂಪರ್ (ಹಿಂದೆ ಮಾಲು ಹೇರುವ ಪಿಕಪ್) ಮಾರಾಟದ ಮಾತಾಯಿತು. ಆನ್‌ಲೈನ್‌ನಲ್ಲಿ ನೋಡಿದ ಕೊಲ್ಹಾಪುರದವರು ಒಯ್ಯುತ್ತಾರೆ. ಚೆನ್ನಾಗಿ ದುಡಿದ ಗಾಡಿ, ಹಿಂದಿನ ಬಾಡಿಯ ತಳಕ್ಕೆ ತುಕ್ಕು ಹತ್ತಿದೆ. ಅದರ ಫೋಟೊನೂ ಹಾಕಿದ್ದೆ. ಆದರೆ ಮಳೆಯಾದ ಎರೆಹೊಲದಿಂದ ಕಬ್ಬು ಹೇರಿಕೊಂಡು ಎದ್ದು ಬರುವ ವಿಡಿಯೋ ನೋಡಿಯೇ ಅವರು ಒಪ್ಪಿದ್ದು. ತೊಳೆದು ಪಾಲಿಶ್ ಮಾಡಿಸೋದು ಸುಮ್ನೆ ಖರ್ಚು ಬಿಡಿ.

ನೀವೂ ಮಾರುವವರಿದ್ದರೆ ಹುಷಾರು. ಅವರಿಗಿಂತ ಮೊದಲು ಒಬ್ಬ ಗಾಡಿ ನೋಡದೆ, ಚೌಕಾಸಿ ಮಾಡದೆ ಹೂಂ ಅಂದ. ಅಲ್ಲೇ ಅನುಮಾನ ಬಂತು. ಅಡ್ವಾನ್ಸ್ ಹಾಕ್ತೀನಿ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದ. ದುಡ್ಡು ಬರೋದಕ್ಕೆ ಪಿನ್ ಯಾಕೆ ಬೇಕು? ಹೋಗೋದಕ್ಕೆ ಮಾತ್ರ ಬೇಕು, ಅಲ್ವಾ? ಯಾರಾದರೂ ಸಿಕ್ಕಿಬಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಗಾಡಿ ಹೆಸರು ಬದಲಿಸುವ ಕಾಗದಪತ್ರಕ್ಕೆ ಫಾರ್ಮ್ 29, 30 ಬೇಕು. ಮಹಾರಾಷ್ಟ್ರಕ್ಕೆ ಹೋಗುವ ಗಾಡಿಗೆ ಆರ್‌ಟಿಓ ಎನ್‌ಓಸಿನೂ (ನಿರಾಕ್ಷೇಪಣಾ ಪತ್ರ) ಬೇಕು, ಅದು ಫಾರ್ಮ್ 28. ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ ಅಪಘಾತವಾದರೆ ನೋಟಿಸು ನಮ್ಮ ಮನೆಗೇ ಬರುತ್ತದೆ. ಫಾಸ್ಟ್ಯಾಗ್ ಬಂದ್ ಮಾಡಿಸೋದು ಮರೆಯಬೇಡಿ.

ಭಾನುವಾರ ಗಾಡಿ ಹೊರಡುತ್ತದೆ. ಹಿಂದೆ ಯಾರದೋ ತಾಡಪಾಲು, ಹಗ್ಗ ಉಳಿದಿವೆ. ಅಷ್ಟರೊಳಗೆ ಬಂದು ಒಯ್ಯಿರಿ.