ಆ ಒಂದು ಸಾಲು ತಿದ್ದಿ: ಮರ್ನಾಂಗ್ ಗೆಡ್ಡೆಯ ಕಥೆ ಕೇಳಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರದ ಪುರವಣಿಯಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಬಗ್ಗೆ ಬಂದ ಲೇಖನ ಓದಿದೆ. ನೆಲ ಬಳಸಲು ಗೊತ್ತಿಲ್ಲದೆ, ಸಿಕ್ಕಿದ್ದನ್ನು ತಿಂದು ಅಲೆಯುತ್ತಿದ್ದವರು ಅಂತ ಅದರಲ್ಲಿ ಒಂದು ಸಾಲಿದೆ. ಮೆಲ್ಬರ್ನ್‌ನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಆ ಸಾಲು ಓದಿ ಸುಮ್ನೆ ಇರಲು ಆಗಲಿಲ್ಲ.

ಇಲ್ಲಿ ಮರ್ನಾಂಗ್ ಅಂತ ಒಂದು ಗಿಡ ಇದೆ. ಗೊತ್ತಿಲ್ಲದವರು ಕಳೆ ಅಂತ ಕಿತ್ತು ಬಿಸಾಡುತ್ತಾರೆ. ನಮ್ಮ ಬಾಗಲಕೋಟೆ ಕಡೆ ರೊಟ್ಟಿ ಜೊತೆ ಹಸಿಯಾಗೇ ತಿನ್ನುವ ಹಕ್ಕರಕಿ ಗೊತ್ತಲ್ವಾ, ಅದರ ಹೂವಿನ ಹಾಗೇ ಹಳದಿ ಹೂವು, ಎಲೆ ಮುರಿದರೆ ಹಾಗೇ ಹಾಲು. ಮೊಗ್ಗು ಮಾತ್ರ ಕತ್ತು ಬಗ್ಗಿಸಿಕೊಂಡಿರುತ್ತದೆ, ಅರಳುವ ಹೊತ್ತಿಗೆ ನೆಟ್ಟಗಾಗುತ್ತದೆ. ತಿನ್ನುವುದು ನೆಲದೊಳಗಿನ ಗೆಡ್ಡೆಯನ್ನು. ನಾನೂ ಎರಡು ಕುಂಡದಲ್ಲಿ ಹಾಕಿದ್ದೇನೆ. ಹೋದ ವರ್ಷ ಒಂದನ್ನು ಕಿತ್ತು ತೊಳೆದೆ. ಮಗುವಿನ ಬೆರಳಿನಷ್ಟು ದಪ್ಪ, ಬೆಳ್ಳಗೆ, ಎಳೇ ಮೂಲಂಗಿ ಹಾಗೆ. ಕಚ್ಚಿದರೆ ಕರಕರ ಅಂತು, ಆಮೇಲೆ ಹಸಿ ಕೊಬ್ಬರಿಯ ಸಿಹಿ ನಾಲಿಗೆಗೆ ಬಂತು.

ಬಿಳಿಯರು ಬರುವ ಮೊದಲು, ಈಗಿನ ವಿಕ್ಟೋರಿಯಾ ರಾಜ್ಯದ ಕುಲಿನ್ ಅನ್ನುವ ಮೂಲನಿವಾಸಿಗಳಿಗೂ ಸುತ್ತಲಿನ ಜನರಿಗೂ ಇದು ದಿನದ ಊಟವಾಗಿತ್ತು. ಅಗೆಯುವ ಕೆಲಸ ಹೆಂಗಸರದ್ದು. ಕೈಯಲ್ಲೊಂದು ಕೋಲು, ಹೆಗಲಿಗೆ ಹೆಣೆದ ಚೀಲ. ಗೆಡ್ಡೆಗಳನ್ನು ಬುಟ್ಟಿಗೆ ತುಂಬಿ, ನೆಲದಲ್ಲಿ ತೋಡಿದ ಒಲೆಯಲ್ಲಿ ಬೇಯಿಸುತ್ತಿದ್ದರು. ಬೆಂದಾಗ ಸಿಹಿಯಾದ ಕಪ್ಪು ರಸ ಬಿಡುತ್ತಿತ್ತಂತೆ. 1841ರಲ್ಲಿ ಜಾರ್ಜ್ ಅಗಸ್ಟಸ್ ರಾಬಿನ್ಸನ್ ಅನ್ನುವ ಸರ್ಕಾರಿ ಅಧಿಕಾರಿ, ಕಣ್ಣು ಹಾಯುವಷ್ಟು ದೂರ ಬಯಲಲ್ಲಿ ಹೆಂಗಸರು ಹರಡಿಕೊಂಡು ಮರ್ನಾಂಗ್ ಅಗೆಯುತ್ತಿದ್ದರು, ಒಬ್ಬೊಬ್ಬರೂ ಹೊರುವಷ್ಟು ಹೊತ್ತು ತಂದರು ಅಂತ ದಿನಚರಿಯಲ್ಲಿ ಬರೆದಿದ್ದಾನೆ.

ಅಷ್ಟೊಂದು ಗೆಡ್ಡೆ ತಾನಾಗೇ ಬೆಳೆದಿತ್ತಾ? ಅಗೆದಷ್ಟೂ ಮಣ್ಣು ಸಡಿಲವಾಗಿ ಗಾಳಿ ಆಡುತ್ತದೆ, ಒತ್ತಾಗಿದ್ದ ಕಡೆ ತೆಳುವಾಗುತ್ತದೆ, ಉಳಿದ ಸಣ್ಣವು ಮುಂದಿನ ವರ್ಷಕ್ಕೆ ಬಲಿಯುತ್ತವೆ. ಹದ ನೋಡಿ ಒಣಹುಲ್ಲಿಗೆ ಬೆಂಕಿ ಕೊಡುತ್ತಿದ್ದರು, ಗಿಡಕ್ಕೆ ಬಿಸಿಲೂ ಸಿಕ್ಕಿತು, ಬೂದಿಯೂ ಸಿಕ್ಕಿತು. ಮೊನಾಶ್ ವಿಶ್ವವಿದ್ಯಾಲಯದ ಬೆತ್ ಗಾಟ್ ಅನ್ನುವ ಸಸ್ಯವಿಜ್ಞಾನಿ ವರ್ಷಗಟ್ಟಲೆ ಇದರ ಬೆನ್ನು ಬಿದ್ದು ಕೆಲಸ ಮಾಡಿದರು. ಇದನ್ನು ಬೇಸಾಯ ಅನ್ನಬೇಕಾ ಬೇಡವಾ ಅಂತ ಇಲ್ಲಿ ಈಗಲೂ ವಾದ ನಡೆಯುತ್ತದೆ. ಹೆಸರು ಏನಾದರೂ ಇಟ್ಟುಕೊಳ್ಳಲಿ, ನೆಲ ಬಳಸಲು ಗೊತ್ತಿಲ್ಲದವರು ಮಾಡುವ ಕೆಲಸವಂತೂ ಇದಲ್ಲ.

ಹಾಳಾಗಿದ್ದು ಕುರಿಗಳಿಂದ. 1835ರಿಂದ ಬಿಳಿಯರು ಇಲ್ಲಿಗೆ ಮಂದೆ ಹೊಡೆದುಕೊಂಡು ಬಂದರು. ಎಡ್ವರ್ಡ್ ಕರ್ ಅನ್ನುವವನು ಸ್ವತಃ ಕುರಿ ಸಾಕಿದವನು. ಕುರಿಗಳು ಮೂತಿಯಿಂದಲೇ ಗೆಡ್ಡೆ ಕೆದಕಿ ತಿನ್ನಲು ಕಲಿತವು, ಮೊದಲ ವರ್ಷ ಹೆಚ್ಚುಕಮ್ಮಿ ಅದರಲ್ಲೇ ಬದುಕಿದವು, ಆಮೇಲೆ ಗೆಡ್ಡೆ ಬರಬರುತ್ತಾ ಅಪರೂಪವಾಗತೊಡಗಿತು ಅಂತ ಅವನೇ ಬರೆದಿದ್ದಾನೆ. ಗೊರಸು ತುಳಿದು ಮಣ್ಣೂ ಗಟ್ಟಿಯಾಯಿತು. ಹೊಟ್ಟೆಗಿಲ್ಲದ ಜನ ಕುರಿ ಹಿಡಿದರೆ ಕಳ್ಳರು ಅಂತ ಗುಂಡು ಹೊಡೆದರು. ಊಟ ಕಿತ್ತುಕೊಂಡು, ಊಟಕ್ಕಾಗಿ ಅಲೆಯುವ ಹಾಗೆ ಮಾಡಿ, ಆಮೇಲೆ ಇವರು ಅಲೆಮಾರಿಗಳು ಅಂತ ಬರೆದಿಟ್ಟರು. ಅದೇ ಮಾತು ಈಗ ಕನ್ನಡದಲ್ಲಿ ಅಚ್ಚಾಗಿದ್ದು ನೋಡಿ ನನಗೆ ತುಂಬಾ ಬೇಜಾರಾಯಿತು.

ಮೂಲನಿವಾಸಿ ಕುಟುಂಬಗಳೂ ಊರಿನ ತೋಟದ ಗುಂಪುಗಳೂ ಈಗ ಮತ್ತೆ ಮರ್ನಾಂಗ್ ಬೆಳೆಸುತ್ತಿವೆ. ನನ್ನ ಕುಂಡದ ಗಿಡವೂ ಅಂಥ ಒಂದು ನರ್ಸರಿಯಿಂದ ಬಂದಿದ್ದು.

ದಯವಿಟ್ಟು ಮುಂದಿನ ಪುರವಣಿಯಲ್ಲಿ ಆ ಸಾಲಿಗೆ ಒಂದು ತಿದ್ದುಪಡಿ ಹಾಕಿ. ಜಾಗ ಇದ್ದರೆ ಹೂವಿನ ಫೋಟೋನೂ ಹಾಕಿ, ಬೇಕಂದರೆ ನಾನೇ ತೆಗೆದು ಕಳಿಸುತ್ತೇನೆ.

ನಿಮ್ಮ ಓದುಗ,
ಮೆಲ್ಬರ್ನ್